ಜೆರಾಲ್ಡ್ ವೈಲಿ ಎಂಬ ಇಲ್ಲದ ಮನುಷ್ಯ: ರಾನಿ ಬಾರ್ಕರ್ ಪ್ರಕರಣ

1968ರಲ್ಲಿ ಲಂಡನ್ ವೀಕೆಂಡ್ ಟೆಲಿವಿಷನ್ ಎಂಬ ಟಿವಿ ಕಂಪನಿ ಆಗಷ್ಟೇ ಶುರುವಾಗಿತ್ತು. ಅಲ್ಲಿ 'ಫ್ರಾಸ್ಟ್ ಆನ್ ಸಂಡೇ' ಎಂಬ ಹಾಸ್ಯ ಕಾರ್ಯಕ್ರಮ ನಡೆಯುತ್ತಿತ್ತು. ಅದಕ್ಕೆ ಜೆರಾಲ್ಡ್ ವೈಲಿ ಎಂಬ ಹೊಸ ಲೇಖಕರಿಂದ ಸ್ಕೆಚ್‌ಗಳು, ಅಂದರೆ ಕೆಲವೇ ನಿಮಿಷದ ಕಿರುಪ್ರಹಸನಗಳು, ಬರತೊಡಗಿದವು. ಬರಹ ಚೆನ್ನಾಗಿತ್ತು. ಆದರೆ ಬರೆದವರನ್ನು ಯಾರೂ ಕಂಡಿರಲಿಲ್ಲ. ಮಾತುಕತೆ ಏನಿದ್ದರೂ ಪೀಟರ್ ಈಡ್ ಎಂಬ ಏಜೆಂಟ್ ಮೂಲಕ. ವೈಲಿ ಜನರ ಮುಂದೆ ಬರಲು ಇಷ್ಟಪಡದ ಮನುಷ್ಯ ಎಂದು ಎಲ್ಲರೂ ನಂಬಿದ್ದರು.

ಪೀಟರ್ ಈಡ್ ಅದೇ ಕಾರ್ಯಕ್ರಮದ ನಟ ರಾನಿ ಬಾರ್ಕರ್ ಅವರಿಗೂ ಏಜೆಂಟ್. ಸುಳಿವು ಕಣ್ಣೆದುರೇ ಇತ್ತು. ಆದರೂ ಹೆಚ್ಚಿನವರಿಗೆ ಹೊಳೆಯಲಿಲ್ಲ. ಯಾಕೆಂದರೆ, ರಿಹರ್ಸಲ್‌ನಲ್ಲಿ ಪಕ್ಕದಲ್ಲೇ ಕುಳಿತು ಸಂಭಾಷಣೆ ಓದುತ್ತಿರುವ ನಟನೇ ಅದನ್ನು ಬರೆದಿರಬಹುದು ಎಂದು ಯಾರಾದರೂ ಯಾಕೆ ಯೋಚಿಸಬೇಕು? ಬರೆದಿದ್ದರೆ ಹೇಳಿಕೊಳ್ಳುತ್ತಿದ್ದರು, ಅಲ್ವಾ?

ಬಾರ್ಕರ್ ಹೇಳಿಕೊಳ್ಳಲಿಲ್ಲ. ಬ್ರಿಟಿಷ್ ಟಿವಿ ಹಾಸ್ಯದಲ್ಲಿ ಇದನ್ನು ಒಂದು ಸೊಗಸಾದ ಕೀಟಲೆ ಎಂದು ನೆನೆಯುತ್ತಾರೆ. ನನಗೆ ಇದು ಕೀಟಲೆಗಿಂತ ಹೆಚ್ಚಾಗಿ ಕೆಲಸದ ಒಂದು ವಿಧಾನವಾಗಿ ಕಾಣುತ್ತದೆ. ಆ ವಿಧಾನ ಎಲ್ಲಿ ಫಲ ಕೊಟ್ಟಿತು, ಎಲ್ಲಿ ಕೈಕೊಟ್ಟಿತು ಎಂದು ನೋಡಿದರೆ ಅವರ ಇಡೀ ಟಿವಿ ಬದುಕೇ ಅರ್ಥವಾಗುತ್ತದೆ.

ಮುಖವಾಡದ ಹಿಂದೆ ಆರಾಮ

ಬಾರ್ಕರ್ ಹುಟ್ಟಿದ್ದು 1929ರಲ್ಲಿ ಬೆಡ್‌ಫರ್ಡ್‌ನಲ್ಲಿ, ಬೆಳೆದದ್ದು ಆಕ್ಸ್‌ಫರ್ಡ್‌ನಲ್ಲಿ. ಊರು ಆಕ್ಸ್‌ಫರ್ಡ್ ಆದರೂ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ವಾಸ್ತುಶಿಲ್ಪ ಕಲಿಯಲು ಸೇರಿ ಬಿಟ್ಟರು, ಬ್ಯಾಂಕಿನಲ್ಲಿ ಗುಮಾಸ್ತರಾದರು. 1948ರಲ್ಲಿ ಏಲ್ಸ್‌ಬರಿಯ ಒಂದು ರೆಪರ್ಟರಿ ನಾಟಕ ಕಂಪನಿ ಸೇರಿದರು. ಆ ಕಾಲದ ಇಂಥ ಕಂಪನಿಗಳಲ್ಲಿ ವಾರಕ್ಕೊಂದು ನಾಟಕ. ಸಂಜೆ ಒಂದನ್ನು ಆಡುವುದು, ಹಗಲು ಮುಂದಿನ ವಾರದ್ದನ್ನು ಕಲಿಯುವುದು. ಈ ವಾರ ಮುದುಕ, ಮುಂದಿನ ವಾರ ಪೊಲೀಸ್, ಅದರ ಮುಂದಿನ ವಾರ ಪಾದ್ರಿ. ಸ್ವಂತ ಮುಖ ತೋರಿಸಲು ಪುರುಸೊತ್ತೇ ಇಲ್ಲದ ಕೆಲಸ ಅದು.

ಅದು ಅವರಿಗೆ ಒಗ್ಗಿತು. ಬೇರೆ ಯಾರೋ ಆಗಿದ್ದಾಗಲೇ ತನಗೆ ನೆಮ್ಮದಿ ಎಂಬ ಅರ್ಥದ ಮಾತನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಪ್ರೇಕ್ಷಕರ ಮುಂದೆ ಸುಮ್ನೆ ರಾನಿ ಬಾರ್ಕರ್ ಆಗಿ ನಿಂತು ಮಾತಾಡುವುದು ಅವರಿಗೆ ಹಿಂಸೆ. ಒಂದು ಮೀಸೆ, ಒಂದು ಕನ್ನಡಕ, ಒಂದು ವಿಚಿತ್ರ ಉಚ್ಚಾರ ಸಿಕ್ಕರೆ ಮಾತ್ರ ನಾಲಿಗೆ ಸಡಿಲವಾಗುತ್ತಿತ್ತು.

1959ರಿಂದ ಬಿಬಿಸಿ ರೇಡಿಯೋದ 'ದಿ ನೇವಿ ಲಾರ್ಕ್' ಹಾಸ್ಯ ಸರಣಿಯಲ್ಲಿ ದನಿ ಕೊಟ್ಟರು. ಟಿವಿಯಲ್ಲಿ ಜನ ಅವರನ್ನು ಚೆನ್ನಾಗಿ ಗುರುತಿಸಿದ್ದು 1966ರ 'ದಿ ಫ್ರಾಸ್ಟ್ ರಿಪೋರ್ಟ್'ನಲ್ಲಿ. ಅದರಲ್ಲಿ ಮೂವರು ಸಾಲಾಗಿ ನಿಲ್ಲುವ ಒಂದು ಸ್ಕೆಚ್ ಇದೆ. ಎತ್ತರದ ಜಾನ್ ಕ್ಲೀಸ್ ಮೇಲ್ವರ್ಗ, ನಡುವೆ ಬಾರ್ಕರ್ ಮಧ್ಯಮ ವರ್ಗ, ಕುಳ್ಳಗಿನ ರಾನಿ ಕಾರ್ಬೆಟ್ ಕೆಳವರ್ಗ. ಬರೆದವರು ಮಾರ್ಟಿ ಫೆಲ್ಡ್‌ಮನ್ ಮತ್ತು ಜಾನ್ ಲಾ. ವರ್ಗಭೇದದ ಬಗ್ಗೆ ಬ್ರಿಟಿಷರು ಮಾಡಿಕೊಂಡ ತಮಾಷೆಗಳಲ್ಲಿ ಇಷ್ಟು ಬಿಗಿಯಾದದ್ದು ಕಡಿಮೆ. ಮೂವರ ಎತ್ತರವೇ ಅರ್ಧ ಸಂಭಾಷಣೆ.

ಆ ಕಾರ್ಯಕ್ರಮಕ್ಕೆ ಬರೆಯುತ್ತಿದ್ದವರ ಪಟ್ಟಿ ನೋಡಿದರೆ ಬಾರ್ಕರ್ ಅವರ ಅಳುಕು ಗೊತ್ತಾಗುತ್ತದೆ. ಕ್ಲೀಸ್, ಗ್ರಹಾಂ ಚಾಪ್‌ಮನ್, ಎರಿಕ್ ಐಡಲ್, ಮೈಕಲ್ ಪೇಲಿನ್, ಟೆರಿ ಜೋನ್ಸ್. ಎಲ್ಲರೂ ಕೇಂಬ್ರಿಜ್ ಇಲ್ಲವೇ ಆಕ್ಸ್‌ಫರ್ಡ್‌ನಿಂದ ಬಂದ ಹುಡುಗರು, ಮುಂದೆ ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡ ಕಟ್ಟಿದವರು. ಬಾರ್ಕರ್ ಮತ್ತು ಕಾರ್ಬೆಟ್ ಇಬ್ಬರೂ ವಿಶ್ವವಿದ್ಯಾಲಯ ಕಾಣದೆ ನಾಟಕ, ಕ್ಲಬ್ ಅಂತ ಅಲೆದು ಬಂದವರು. ಇಬ್ಬರ ಸ್ನೇಹ ಗಟ್ಟಿಯಾಗಲು ಇದೂ ಒಂದು ಕಾರಣ. ಅಂಥ ತಂಡದಲ್ಲಿ ನಟನೊಬ್ಬ 'ನಾನೂ ಒಂದು ಬರೆದಿದ್ದೀನಿ' ಎಂದು ಹಾಳೆ ಮುಂದೆ ಚಾಚುವುದು ಸುಲಭವಲ್ಲ.

ಹೆಸರು ಬಚ್ಚಿಟ್ಟದ್ದು ಯಾಕೆ

ಬಾರ್ಕರ್ ಕೊಟ್ಟ ಕಾರಣ ನೇರವಾಗಿದೆ. ಬರಹ ಚೆನ್ನಾಗಿದ್ದರೆ ಮಾತ್ರ ತೆಗೆದುಕೊಳ್ಳಬೇಕು, ಬರೆದವನು ಕಾರ್ಯಕ್ರಮದ ಮುಖ್ಯ ನಟ ಎಂದು ಅಲ್ಲ.

ಇದು ವಿನಯದ ಮಾತಿನಂತೆ ಕೇಳಿಸುತ್ತದೆ. ಆದರೆ ರಿಹರ್ಸಲ್ ಕೋಣೆಯ ಲೆಕ್ಕಾಚಾರ ಗೊತ್ತಿದ್ದವರಿಗೆ ಅದರೊಳಗಿನ ಜಾಣತನ ಕಾಣುತ್ತದೆ. ಮುಖ್ಯ ನಟನೇ ಸ್ಕ್ರಿಪ್ಟ್ ತಂದರೆ ನಿರ್ಮಾಪಕ ಮುಖಕ್ಕೆ ಹೊಡೆದಂತೆ 'ಇದು ನಗು ಬರಿಸುವುದಿಲ್ಲ' ಎನ್ನಲಾರ. 'ಚೆನ್ನಾಗಿದೆ, ನೋಡೋಣ' ಎನ್ನುತ್ತಾನೆ. ಜೊತೆಯ ನಟರು ಒಳ್ಳೊಳ್ಳೆ ಸಾಲನ್ನೆಲ್ಲ ಇವನೇ ಇಟ್ಟುಕೊಂಡಿದ್ದಾನಾ ಎಂದು ಎಣಿಸುತ್ತಾರೆ. ಉಳಿದ ಲೇಖಕರಿಗೆ ತಮ್ಮ ಜಾಗಕ್ಕೆ ಕೈ ಹಾಕಿದ ಎಂಬ ಇರಿಸುಮುರಿಸು. ಇಷ್ಟರ ನಡುವೆ ಸ್ಕೆಚ್ ಚೆನ್ನಾಗಿದೆಯಾ ಇಲ್ಲವಾ ಎಂಬ ಪ್ರಶ್ನೆಯೇ ಕಳೆದುಹೋಗುತ್ತದೆ.

ಹಾಸ್ಯದಲ್ಲಿ ಈ ಪ್ರಶ್ನೆಗೆ ಬೇರೆ ಕಡೆಗಿಂತ ಬೆಲೆ ಜಾಸ್ತಿ. ಗಂಭೀರ ನಾಟಕ ಸೋತರೆ 'ಜನಕ್ಕೆ ಅರ್ಥವಾಗಲಿಲ್ಲ' ಎನ್ನಬಹುದು. ತಮಾಷೆಗೆ ಜನ ನಗದಿದ್ದರೆ ಯಾವ ನೆಪವೂ ನಡೆಯುವುದಿಲ್ಲ. ಹಾಗಾಗಿ ಸ್ಟುಡಿಯೋದಲ್ಲಿ ಪ್ರೇಕ್ಷಕರು ಕೂರುವ ಮೊದಲೇ ಯಾರಾದರೂ ನಿರ್ದಾಕ್ಷಿಣ್ಯವಾಗಿ ಬೇಡ ಎನ್ನುವವರು ಬೇಕು. ವೈಲಿ ಎಂಬ ಹೆಸರು ಬಾರ್ಕರ್‌ಗೆ ಕೊಟ್ಟದ್ದು ಅದನ್ನೇ. ನಮ್ಮ ಕಾವ್ಯನಾಮಗಳ ಥರ ಅಲ್ಲ ಇದು. ಅಲ್ಲಿ ಹೆಸರಿನ ಹಿಂದೆ ಯಾರಿದ್ದಾರೆ ಎಂದು ಓದುಗರಿಗೆಲ್ಲ ಗೊತ್ತಿರುತ್ತದೆ. ಇಲ್ಲಿ ಗೊತ್ತಾದ ಕ್ಷಣ ಹೆಸರಿನ ಉಪಯೋಗ ಮುಗಿಯಿತು.

ಗುಟ್ಟು ನಡೆದ ಬಗೆ

ವೈಲಿಯ ಮೊದಲ ಸ್ಕೆಚ್‌ಗಳಲ್ಲೊಂದು ಡಾಕ್ಟರ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ನಡೆಯುತ್ತದೆ. ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ಒಬ್ಬ ಪುಟ್ಟ ಮನುಷ್ಯ ಒಳಗೆ ಬಂದು ಮಾತಿಗೆ ಎಳೆಯಲು ನೋಡುತ್ತಾನೆ. ಅಪರಿಚಿತರು ಒಂದೇ ಕೋಣೆಯಲ್ಲಿ ಕೂತಾಗ ಇಂಗ್ಲಿಷರಿಗೆ ಆಗುವ ಮುಜುಗರವೇ ಅದರ ಸರಕು. ಆ ಪುಟ್ಟ ಮನುಷ್ಯನ ಪಾತ್ರ ಕಾರ್ಬೆಟ್ ಅವರದ್ದು. ಬಾರ್ಕರ್ ಒಳ್ಳೆಯ ಭಾಗವನ್ನು ತನಗೆ ಇಟ್ಟುಕೊಳ್ಳದೆ ಗೆಳೆಯನಿಗೆ ಬರೆದಿದ್ದರು. ಗುಟ್ಟು ಉಳಿಯಲು ಇದೂ ನೆರವಾಗಿರಬೇಕು.

ಕಾರ್ಬೆಟ್‌ಗೆ ಸ್ಕೆಚ್ ಬಹಳ ಹಿಡಿಸಿತು. ಇದರ ಹಕ್ಕು ಕೊಂಡುಕೋ ಎಂದು ಹುರಿದುಂಬಿಸಿದ್ದು ಬೇರೆ ಯಾರೂ ಅಲ್ಲ, ಬಾರ್ಕರೇ. ಕಾರ್ಬೆಟ್ ವಿಚಾರಿಸಿದರು. ವೈಲಿ ಕಡೆಯಿಂದ ಬಂದ ಬೆಲೆ 3,000 ಪೌಂಡ್. ಆ ಕಾಲಕ್ಕೆ ಒಂದು ಸ್ಕೆಚ್‌ಗೆ ಅದು ಅತಿಯಾಯಿತು. ಕಾರ್ಬೆಟ್ ಹಿಂದೆ ಸರಿದರು. ಆಮೇಲೆ ವೈಲಿ ಧಾರಾಳವಾಗಿ ಹಕ್ಕನ್ನು ಪುಕ್ಕಟೆ ಕೊಟ್ಟುಬಿಟ್ಟರು! ಕಾರ್ಬೆಟ್ ಕೃತಜ್ಞತೆಯಿಂದ ಆ ಕಾಣದ ಲೇಖಕರಿಗೆ ಗಾಜಿನ ಲೋಟಗಳನ್ನು ಉಡುಗೊರೆ ಕಳಿಸಿದರು. ಅವು ತಲುಪಿದ್ದು ಎಲ್ಲಿಗೆ ಎಂದು ಹೇಳಬೇಕಿಲ್ಲ.

ಈ ಭಾಗ ಓದುವಾಗ ನಗು ಬರುತ್ತದೆ, ಜೊತೆಗೆ ಸ್ವಲ್ಪ ಕಸಿವಿಸಿಯೂ ಆಗುತ್ತದೆ. ನಿರ್ಮಾಪಕರ ಕಣ್ಣಿಗೆ ಮಣ್ಣೆರಚಿದ್ದಕ್ಕೆ ಕಾರಣ ಇತ್ತು. ಗೆಳೆಯನನ್ನು ಬೆಲೆ ಚೌಕಾಸಿಗೆ ಇಳಿಸಿದ್ದಕ್ಕೆ ಏನು ಕಾರಣ? ಬರಹದ ಪರೀಕ್ಷೆ ಅಷ್ಟರಲ್ಲಿ ಮುಗಿದಿತ್ತು. ಅಲ್ಲಿಂದ ಮುಂದಿನದು ಬರೀ ಆಟ. ಬಾರ್ಕರ್‌ಗೆ ಆ ಆಟದಲ್ಲಿ ಖುಷಿ ಸಿಗುತ್ತಿತ್ತು ಎಂಬುದನ್ನು ಮರೆಮಾಚಬಾರದು.

ಇತ್ತ ಊಹಾಪೋಹ ಬೆಳೆಯಿತು. ವೈಲಿ ಅಂದರೆ ನಾಟಕಕಾರ ಟಾಮ್ ಸ್ಟಾಪರ್ಡ್ ಅಂತೆ, ಅಲನ್ ಬೆನೆಟ್ ಅಂತೆ, ನೋಯಲ್ ಕವರ್ಡ್ ಅಂತೆ. ಎಲ್ಲವೂ ಭಾರೀ ಹೆಸರುಗಳೇ. ಹಾಸ್ಯ ಲೇಖಕ ಫ್ರಾಂಕ್ ಮ್ಯೂರ್ ಇರಬೇಕು ಎಂದೂ ಹಲವರಿಗೆ ಅನುಮಾನ. ಒಂದು ಒಳ್ಳೆಯ ಬರಹಕ್ಕೆ ದೊಡ್ಡ ಹೆಸರೇ ಹಿಂದೆ ಇರಬೇಕು ಎಂದು ಟಿವಿ ಮಂದಿ ಹುಡುಕುತ್ತಿದ್ದರಲ್ಲ, ಬಾರ್ಕರ್ ತಪ್ಪಿಸಿಕೊಳ್ಳಲು ನೋಡಿದ್ದು ಇಂಥ ಬುದ್ಧಿಯಿಂದಲೇ.

ಕೊನೆಗೆ ವೈಲಿಯೇ ಎಲ್ಲರನ್ನೂ ಊಟಕ್ಕೆ ಕರೆದರು. ಸ್ಟುಡಿಯೋ ಹತ್ತಿರದ ಒಂದು ಚೈನೀಸ್ ಹೋಟೆಲ್. ನಟರು, ಲೇಖಕರು, ತಂಡದವರು ಸೇರಿದರು. ಯಾರು ಬಂದು ನಾನೇ ವೈಲಿ ಎನ್ನುತ್ತಾರೋ ಎಂದು ಎಲ್ಲರಿಗೂ ಕುತೂಹಲ. ಮ್ಯೂರ್ ಬಂದಾಗ ಹಲವರು ಇವರೇ ಎಂದುಕೊಂಡರು. ಆಗ ಬಾರ್ಕರ್ ಎದ್ದು ನಿಂತು, ಅದು ನಾನು ಎಂದರು. ಮೊದಲಿಗೆ ನಂಬದವರೇ ಹೆಚ್ಚು.

ಗುಟ್ಟು ರಟ್ಟಾದ ಮೇಲೂ ಅದೇ ಹೆಸರು

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1971ರ ಏಪ್ರಿಲ್ 10ರಂದು ಬಿಬಿಸಿಯಲ್ಲಿ 'ದಿ ಟೂ ರಾನೀಸ್' ಶುರುವಾಯಿತು. ಇಬ್ಬರು ರಾನಿಗಳು ಮೇಜಿನ ಹಿಂದೆ ಕೂತು ಸುಳ್ಳು ಸುದ್ದಿ ಓದುವುದು, ಸ್ಕೆಚ್‌ಗಳು, ಒಂದು ಧಾರಾವಾಹಿ, ಕೊನೆಗೆ ಹಾಡು. ಅದು 1987ರ ಕ್ರಿಸ್‌ಮಸ್‌ವರೆಗೆ ನಡೆಯಿತು. ಬಾರ್ಕರ್ ಅದಕ್ಕೆ ರಾಶಿ ರಾಶಿ ಬರೆದರು. ಹೆಸರು ಮಾತ್ರ ಈಗಲೂ ಜೆರಾಲ್ಡ್ ವೈಲಿಯೇ. ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಕಾರ್ಯಕ್ರಮದ ಹಂಚಿಕೆಯಲ್ಲೂ ಅವರ ಸ್ವಭಾವ ಕಾಣುತ್ತದೆ. ದೊಡ್ಡ ಕುರ್ಚಿಯಲ್ಲಿ ಕೂತು, ತಾನಾಗಿಯೇ, ಸುತ್ತಿ ಬಳಸಿ ಜೋಕು ಹೇಳುವುದು ಕಾರ್ಬೆಟ್ ಪಾಲು. ಬಾರ್ಕರ್ ಒಬ್ಬರೇ ಕ್ಯಾಮೆರಾ ಮುಂದೆ ಕೂತಾಗ ಯಾವುದೋ ಸಂಘದ ಅಧ್ಯಕ್ಷನೋ ಇಲಾಖೆಯ ವಕ್ತಾರನೋ ಆಗಿರುತ್ತಿದ್ದರು. ಉಚ್ಚಾರ ದೋಷ ಇರುವವರ ಸಂಘದ ಅಧ್ಯಕ್ಷನಾಗಿ, ಪ್ರತಿ ಪದದ ಅಕ್ಷರವನ್ನೂ ಹಿಂದುಮುಂದು ಮಾಡುತ್ತ, ಮುಖದಲ್ಲಿ ಒಂದು ಗೆರೆಯೂ ಅಲುಗದೆ ಅವರು ಮಾಡುವ ಮನವಿ ಈ ಬಗೆಯದ್ದು. ನಾಲಿಗೆ ತೊಡರದೆ ತೊಡರಿದಂತೆ ಮಾತಾಡಲು ಎಷ್ಟು ಅಭ್ಯಾಸ ಬೇಕು ಎಂದು ಯೋಚಿಸಿ.

1976ರ ಸೆಪ್ಟೆಂಬರ್ 4ರಂದು ಬಂದ ಹಾರ್ಡ್‌ವೇರ್ ಅಂಗಡಿಯ ಸ್ಕೆಚ್ಚಂತೂ ಬ್ರಿಟನ್ನಿನಲ್ಲಿ ಗಾದೆಯಂತೆ ಉಳಿದಿದೆ. ಗಿರಾಕಿ ಬಾರ್ಕರ್, ಅಂಗಡಿಯವ ಕಾರ್ಬೆಟ್. ಗಿರಾಕಿ ಕೇಳುವುದು ಫೋರ್ಕ್ ಹ್ಯಾಂಡಲ್ಸ್, ಅಂದರೆ ತೋಟದ ಸಲಕರಣೆಯ ಹಿಡಿ. ಅಂಗಡಿಯವನಿಗೆ ಕೇಳಿಸುವುದು ಫೋರ್ ಕ್ಯಾಂಡಲ್ಸ್, ನಾಲ್ಕು ಮೇಣದ ಬತ್ತಿ. ಹೀಗೇ ಸಾಮಾನಿನ ಮೇಲೆ ಸಾಮಾನು. ಮಿಡ್ಲ್‌ಸೆಕ್ಸ್‌ನ ಹೇಸ್ ಎಂಬಲ್ಲಿನ ಅಂಗಡಿಯವರು ತಮ್ಮಲ್ಲಿ ನಡೆದ ಇಂಥ ಗೊಂದಲವನ್ನು ಬರೆದು ಕಳಿಸಿದ್ದೇ ಇದಕ್ಕೆ ಬೀಜ. ಸ್ಕೆಚ್ ಓಡುವುದು ಪದದಾಟದ ಬಲದಿಂದ ಮಾತ್ರ ಅಲ್ಲ. ಪ್ರತಿ ಸಲ ಅಂಗಡಿಯವ ಏಣಿ ಹತ್ತಬೇಕು, ಒಳಗೆ ಹೋಗಬೇಕು, ಡಬ್ಬ ಇಳಿಸಬೇಕು, ಮತ್ತೆ ಇಡಬೇಕು. ಜನ ನಗುವುದು ಆ ದಣಿವಿಗೆ, ಏರುವ ಸಿಟ್ಟಿಗೆ. ವಾರಕ್ಕೊಂದು ನಾಟಕ ಆಡಿದವರಿಗೇ ಇದು ಹೊಳೆಯಬೇಕು. ಇಷ್ಟಾದರೂ ಅದರ ಮುಕ್ತಾಯದ ಬಗ್ಗೆ ಬಾರ್ಕರ್‌ಗೆ ಪೂರ್ತಿ ಸಮಾಧಾನ ಇರಲಿಲ್ಲ.

ಹೆಸರು ಬಚ್ಚಿಟ್ಟವರು ಅವರೊಬ್ಬರೇ ಅಲ್ಲ ಎಂಬುದು ಇಲ್ಲಿ ಸ್ವಾರಸ್ಯ. 1969ರಲ್ಲಿ ಶುರುವಾದ 'ಹಾರ್ಕ್ ಅಟ್ ಬಾರ್ಕರ್' ಸರಣಿಗೆ ಪೀಟರ್ ಕಾಲ್‌ಫೀಲ್ಡ್ ಎಂಬ ಹೆಸರಲ್ಲಿ ಬರೆದವರು ನಾಟಕಕಾರ ಅಲನ್ ಏಕ್‌ಬರ್ನ್. ಅವರಿಗೆ ಬಿಬಿಸಿ ಜೊತೆ ಕರಾರು ಇತ್ತು, ಬೇರೆ ಚಾನೆಲ್‌ಗೆ ಸ್ವಂತ ಹೆಸರಲ್ಲಿ ಬರೆಯುವಂತಿರಲಿಲ್ಲ. ಅದು ಕಾಗದಪತ್ರದ ಕಷ್ಟ. ಬಾರ್ಕರ್‌ಗೆ ಅಂಥ ಯಾವ ಕಟ್ಟೂ ಇರಲಿಲ್ಲ. ಆದರೂ ವೈಲಿ ಸಾಲದೆಂದು ಜೊನಾಥನ್ ಕೋಬಲ್ಡ್, ಜಾಕ್ ಗೋಟ್ಜ್ ಎಂದು ಹೊಸ ಹೊಸ ಹೆಸರು ಹುಟ್ಟಿಸುತ್ತ ಹೋದರು.

ವಿಧಾನ ಎಲ್ಲಿ ಕೈಕೊಟ್ಟಿತು

ನನ್ನ ತಕರಾರು ಇರುವುದು ಇಲ್ಲಿ. 1968ರಲ್ಲಿ ಹೆಸರು ಬಚ್ಚಿಟ್ಟಾಗ ಎದುರಿಗೆ ಬೇಡ ಎನ್ನಬಲ್ಲ ಜನ ಇದ್ದರು. ಎಪ್ಪತ್ತರ ದಶಕದಲ್ಲಿ ಬಾರ್ಕರ್ ಬಿಬಿಸಿಯ ದೊಡ್ಡ ತಾರೆ. ವೈಲಿಯೂ ಕೋಬಲ್ಡೂ ಯಾರು ಎಂದು ಎಲ್ಲರಿಗೂ ಗೊತ್ತು. ಇನ್ನು ಬೇಡ ಎನ್ನುವವರು ಯಾರು?

ಸ್ಕೆಚ್‌ಗಳಲ್ಲಿ ಇದರಿಂದ ದೊಡ್ಡ ನಷ್ಟವಾಗಲಿಲ್ಲ. ಸ್ಕೆಚ್ ಚಿಕ್ಕದು, ಕಾರ್ಯಕ್ರಮಕ್ಕೆ ಬೇರೆ ಲೇಖಕರೂ ಇದ್ದರು, ಸೋತರೆ ಮುಂದಿನದಕ್ಕೆ ಹೋಗಬಹುದು. ಅರ್ಧ ಗಂಟೆಯ ಸಿಟ್‌ಕಾಮ್, ಅಂದರೆ ಹಾಸ್ಯ ಧಾರಾವಾಹಿಯ ವಿಷಯ ಬೇರೆ. 1972ರಲ್ಲಿ ಕೋಬಲ್ಡ್ ಹೆಸರಲ್ಲಿ ಬಾರ್ಕರ್ ಬರೆದ 'ಹಿಸ್ ಲಾರ್ಡ್‌ಶಿಪ್ ಎಂಟರ್ಟೇನ್ಸ್' ಒಂದೇ ಸರಣಿಗೆ ನಿಂತಿತು. ಈಗ ಅದನ್ನು ನೆನೆಯುವವರು ಕಡಿಮೆ.

1973ರಲ್ಲಿ ಬಿಬಿಸಿ ಅವರಿಗಾಗಿ 'ಸೆವೆನ್ ಆಫ್ ಒನ್' ಎಂದು ಏಳು ಬಿಡಿ ಹಾಸ್ಯ ನಾಟಕಗಳನ್ನು ಪ್ರಸಾರ ಮಾಡಿತು. ಯಾವುದು ಗೆಲ್ಲುತ್ತದೋ ಅದನ್ನು ಸರಣಿ ಮಾಡುವ ಲೆಕ್ಕ. ಅದರಲ್ಲಿ ಎರಡು ಬಿಬಿಸಿಯಲ್ಲಿ ಬಾರ್ಕರ್ ಸರಣಿಗಳಾಗಿ ಬೆಳೆದವು. ಡಿಕ್ ಕ್ಲೆಮೆಂಟ್ ಮತ್ತು ಇಯಾನ್ ಲಾ ಫ್ರೆನೇ ಬರೆದ ಜೈಲಿನ ಕತೆ 'ಪಾರಿಜ್' ಆಯಿತು. ರಾಯ್ ಕ್ಲಾರ್ಕ್ ಬರೆದ ಮೂಲೆ ಅಂಗಡಿಯ ಕತೆ 'ಓಪನ್ ಆಲ್ ಅವರ್ಸ್' ಆಯಿತು. ಬಾರ್ಕರ್‌ಗೆ ಸ್ವತಃ ಇಷ್ಟವಾಗಿದ್ದದ್ದು ಜೂಜಿನ ಹುಚ್ಚಿನ ಒಂದು ವೆಲ್ಷ್ ಕುಟುಂಬದ ಕತೆ. ಅದು ಸರಣಿಯಾಗಲಿಲ್ಲ. ಅಂದರೆ ತನಗೆ ಯಾವುದು ಚೆನ್ನ ಎಂಬ ವಿಷಯದಲ್ಲಿ ಅವರ ಅಂದಾಜು ಯಾವಾಗಲೂ ನಂಬುವಂಥದ್ದಲ್ಲ. ಹೊರಗಿನವರ ತೀರ್ಮಾನ ಅವರಿಗೆ ನಿಜವಾಗಿಯೂ ಬೇಕಿತ್ತು.

'ಪಾರಿಜ್' 1974ರಿಂದ 1977ರವರೆಗೆ ಮೂರು ಸರಣಿ ಬಂತು. ಬಾರ್ಕರ್ ಆಡಿದ ನಾರ್ಮನ್ ಸ್ಟ್ಯಾನ್ಲಿ ಫ್ಲೆಚರ್ ಹಳೇ ಕಳ್ಳ, ಜೈಲು ಅವನಿಗೆ ಮನೆಯಷ್ಟೇ ಪರಿಚಯ. ಓಡಿಹೋಗುವ ಕನಸು ಅವನಿಗಿಲ್ಲ. ದಿನಕ್ಕೊಂದು ಸಣ್ಣ ಗೆಲುವು ಸಿಕ್ಕರೆ ಸಾಕು. ವಾರ್ಡರನ ಮೇಲೆ ಒಂದು ಮಾತಿನ ಏಟು, ಅಡುಗೆಮನೆಯಿಂದ ಕದ್ದ ಒಂದು ಡಬ್ಬ. ಅವನ ಸೆಲ್‌ಗೆ ಬರುವ ಹೊಸ ಹುಡುಗ ಗಾಡ್ಬರ್ ಆಗಿ ರಿಚರ್ಡ್ ಬೆಕಿನ್‌ಸೇಲ್. ಇಬ್ಬರೇ ಸೆಲ್ಲಿನಲ್ಲಿ ರಾತ್ರಿ ಮಾತಾಡುವ ಕಂತುಗಳಲ್ಲಿ ಬಾರ್ಕರ್ ದನಿ ಎಷ್ಟು ತಗ್ಗುತ್ತದೆ ನೋಡಿ. ಮೀಸೆ ಇಲ್ಲ, ವಿಚಿತ್ರ ಉಚ್ಚಾರ ಇಲ್ಲ, ಒಬ್ಬ ದಣಿದ ಮನುಷ್ಯ ಅಷ್ಟೇ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ನಟನೆ ಇದು. ಇದರ ಸ್ಕ್ರಿಪ್ಟ್ ಬಾರ್ಕರ್ ಅವರದ್ದಲ್ಲ.

'ಓಪನ್ ಆಲ್ ಅವರ್ಸ್'ನ ಜಿಪುಣ ಅಂಗಡಿಯವ ಆರ್ಕ್‌ರೈಟ್‌ಗೆ ಉಗ್ಗು ಕೊಟ್ಟದ್ದು ಮಾತ್ರ ಬಾರ್ಕರ್. ಹಾಸ್ಯಕ್ಕೆ ಒಗ್ಗುವಂತೆ ಉಗ್ಗುವುದನ್ನು ಅವರು ರೆಪರ್ಟರಿ ದಿನಗಳಲ್ಲಿ ಗ್ಲೆನ್ ಮೆಲ್ವಿನ್ ಎಂಬ ನಟರಿಂದ ಕಲಿತಿದ್ದರು. ಇಂದು ನೋಡಿದರೆ ಆ ಉಗ್ಗಿನ ತಮಾಷೆ ಕೆಲವು ಕಡೆ ಮುಳ್ಳಿನಂತೆ ಚುಚ್ಚುತ್ತದೆ. ಆದರೆ ಬಾಯಿಬಿಟ್ಟು ಹಣ ಕೇಳಬೇಕಾದಾಗ, ತಾನು ಮೆಚ್ಚಿದ ನರ್ಸ್ ಗ್ಲಾಡಿಸ್ ಎದುರು ನಿಂತಾಗ ಆರ್ಕ್‌ರೈಟ್ ಎಲ್ಲಿ ತಡವರಿಸುತ್ತಾನೆ ಎಂಬುದರಲ್ಲಿ ಬಾರ್ಕರ್ ಒಳಗಿನ ಲೇಖಕ ಕಾಣುತ್ತಾನೆ. ಬೇರೆಯವರ ಸಾಲಿನೊಳಗೆ ಅವರ ಬರಹ ಹೀಗೆ ನುಸುಳುತ್ತಿತ್ತು. ಇದೇ ಅವರಿಗೆ ಸರಿಹೊಂದಿದ ಅಳತೆ ಎಂದು ನನ್ನ ಅನಿಸಿಕೆ.

ಇನ್ನೊಂದು ಗುಟ್ಟು

1985ರಲ್ಲಿ ಬಾರ್ಕರ್ ಕಾರ್ಬೆಟ್‌ಗೆ ಒಂದು ವಿಷಯ ಹೇಳಿದರು. ಇನ್ನೆರಡು ವರ್ಷ, ಆಮೇಲೆ ನಿವೃತ್ತಿ. ಕಾರ್ಬೆಟ್ ಬಾಯಿ ಬಿಡಲಿಲ್ಲ. ಗಾಜಿನ ಲೋಟದ ಕಾಲದಲ್ಲಿ ಗುಟ್ಟಿನ ಹೊರಗಿದ್ದವರು ಈಗ ಒಳಗಿದ್ದರು. ಜನಕ್ಕೆ ಗೊತ್ತಾಗುವ ಹೊತ್ತಿಗೆ ಕೊನೆಯ ಕ್ರಿಸ್‌ಮಸ್ ಕಾರ್ಯಕ್ರಮ ಮುಗಿದಿತ್ತು. ಬಾರ್ಕರ್‌ಗೆ ಆಗ 58 ವರ್ಷ. ಆರೋಗ್ಯದ ಚಿಂತೆ ಇತ್ತು, ಹೊಸ ವಿಷಯ ಹೊಳೆಯುತ್ತಿಲ್ಲ ಎಂಬ ಅರಿವೂ ಇತ್ತು. ರಂಗಭೂಮಿಯ ದೊಡ್ಡ ನಿರ್ದೇಶಕ ಪೀಟರ್ ಹಾಲ್ ಶೇಕ್ಸ್‌ಪಿಯರ್‌ನ ಫಾಲ್‌ಸ್ಟಾಫ್ ಪಾತ್ರಕ್ಕೆ ಕರೆದದ್ದನ್ನೂ ಒಪ್ಪಲಿಲ್ಲ. ಹೆಂಡತಿ ಜಾಯ್ ಜೊತೆ ಆಕ್ಸ್‌ಫರ್ಡ್‌ಶೈರ್‌ನ ಚಿಪ್ಪಿಂಗ್ ನಾರ್ಟನ್‌ನಲ್ಲಿ ಹಳೇ ವಸ್ತುಗಳ ಅಂಗಡಿ ಇಟ್ಟರು.

ಅವರು ಬರೆದು ನಟಿಸಿದ ಕೊನೆಯ ಸರಣಿ 'ಕ್ಲಾರೆನ್ಸ್' ಪ್ರಸಾರವಾದದ್ದು 1988ರಲ್ಲಿ, ನಿವೃತ್ತಿಯ ಸುದ್ದಿಯ ಬೆನ್ನಿಗೇ. ಕಣ್ಣು ಸರಿಯಾಗಿ ಕಾಣದ, ಮನೆ ಸಾಮಾನು ಸಾಗಿಸುವವನ ಕತೆ. ಹುಟ್ಟಿದ್ದು ಐರಿಷ್ ಲೇಖಕ ಹ್ಯೂ ಲೆನರ್ಡ್ ಬಾರ್ಕರ್‌ಗಾಗಿ 1971ರಲ್ಲಿ ಬರೆದಿದ್ದ ಒಂದು ಬಿಡಿ ನಾಟಕದಿಂದ. ಅದನ್ನು ಆರು ಕಂತಿಗೆ ಬೆಳೆಸಿದವರ ಹೆಸರು ಬಾಬ್ ಫೆರಿಸ್. ಮತ್ತೆ ಬಾರ್ಕರೇ. ನಟಿ ಜೋಸೆಫೀನ್ ಟ್ಯೂಸನ್ ಜೊತೆಗಿನ ಕೆಲವು ದೃಶ್ಯಗಳಲ್ಲಿ ಮುದ್ದಾದ ತಮಾಷೆ ಇದೆ. ಆದರೆ ಕಣ್ಣು ಕಾಣದವನು ಎಡವುವ ಒಂದೇ ಜೋಕು ಎಷ್ಟು ಸಲ ಬರುತ್ತದೆ! ಲಂಡನ್ ವೀಕೆಂಡ್‌ನ ಹಳೇ ವೆಂಬ್ಲಿ ಸ್ಟುಡಿಯೋದಲ್ಲಿ ಜೆರಾಲ್ಡ್ ವೈಲಿ ಎಂಬ ಯಾರೋ ಅಪರಿಚಿತನಿಂದ ಈ ಸ್ಕ್ರಿಪ್ಟ್ ಬಂದಿದ್ದರೆ, ಯಾರಾದರೂ ಅರ್ಧಕ್ಕರ್ಧ ಕತ್ತರಿಸಿ ವಾಪಸ್ ಕಳಿಸುತ್ತಿದ್ದರು.

1998ರಲ್ಲಿ ನಟಿಯಾಗಿದ್ದ ಮಗಳು ಷಾರ್ಲಟ್‌ಗಾಗಿ ಒಂದು ನಾಟಕ ಬರೆದರು, ಅದು ಗೆಲ್ಲಲಿಲ್ಲ. ಕ್ಯಾಮೆರಾ ಮುಂದೆ ಅವರು ಮತ್ತೆ ಮೆಚ್ಚುಗೆ ಪಡೆದದ್ದು 2002ರ 'ದಿ ಗ್ಯಾದರಿಂಗ್ ಸ್ಟಾರ್ಮ್' ಚಿತ್ರದಲ್ಲಿ. ಆಲ್ಬರ್ಟ್ ಫಿನ್ನಿ ಚರ್ಚಿಲ್, ಬಾರ್ಕರ್ ಆ ಚರ್ಚಿಲ್‌ನ ಬಟ್ಲರ್. ಸಣ್ಣ ಪಾತ್ರ, ಮಾತು ಕಡಿಮೆ. ಮರುವರ್ಷ ಮ್ಯಾಗಿ ಸ್ಮಿತ್ ಜೊತೆ 'ಮೈ ಹೌಸ್ ಇನ್ ಅಂಬ್ರಿಯಾ'ದಲ್ಲಿ ನಿವೃತ್ತ ಜನರಲ್. ಎರಡೂ ಬೇರೆಯವರು ಬರೆದ ಚಿತ್ರಗಳು. 2005ರ ಅಕ್ಟೋಬರ್ 3ರಂದು ಅವರು ತೀರಿಕೊಂಡರು. ಅದೇ ವರ್ಷ ಹಳೇ ಸ್ಕೆಚ್‌ಗಳನ್ನು ಆರಿಸಿ ತೋರಿಸುವ ಕಾರ್ಯಕ್ರಮಕ್ಕೆ ಕಾರ್ಬೆಟ್ ಜೊತೆ ಮತ್ತೆ ಮೇಜಿನ ಹಿಂದೆ ಕೂತಿದ್ದರು. ಆರಿಸಿದ ಸ್ಕೆಚ್‌ಗಳಲ್ಲಿ ವೈಲಿಯವೂ ಇದ್ದವು.